ಸರಿಯಾಗಿದ್ದ ಎರಡನೇ ಕುರ್ಚಿ

ಜೂನ್ 9, ಸೋಮವಾರ

ಹದಿನಾಲ್ಕು ಪುಟದ ವಿಭಾಗಪತ್ರ ಟೈಪ್ ಮಾಡಿ ಮುಗಿಸಿದೆ. ಏಳಲು ಹೋದರೆ ಸೊಂಟ ಹಿಡಿದುಕೊಂಡಿತು. ಮೇಜಿನ ಅಂಚು ಹಿಡಿದು ಹಾಗೇ ನಿಂತೆ... ಅಕ್ಕ ನೋಡಿದಳು.

"ಲಾಯರುಗಳ ಟೈಪಿಂಗು ಇರ್ಲಿ ಕಣೇ ಸುನಂದಾ. ಆ ಪ್ಲಾಸ್ಟಿಕ್ ಕುರ್ಚೀಲಿ ಇನ್ನೊಂದ್ ವರ್ಷ ಕೂತ್ರೆ ನಿನ್ನ ಎತ್ತೋಕೆ ಕ್ರೇನೇ ಬೇಕು."

ಡಾಕ್ಟರೂ ಅದನ್ನೇ ಹೇಳಿದ್ದು. ಮಾತ್ರೆ ಆಮೇಲೆ, ಮೊದಲು ಕುರ್ಚಿ ಬದಲಾಯಿಸಿ.

ಜೂನ್ 12

ಕೋಲಾರಕ್ಕೆ ಹೋಗಿದ್ದೆ. ಷೋರೂಮಿನ ಕುರ್ಚಿಗಳು ನಮಗಲ್ಲ — ಬೆಲೆ ನೋಡಿಯೇ ಹೊರಬಂದೆ. ಹಿಂದಿನ ರಸ್ತೆಯಲ್ಲಿ ಒಂದು ಶೆಡ್. ಬೆಂಗಳೂರಲ್ಲಿ ಮುಚ್ಚಿದ ಆಫೀಸುಗಳ ಕುರ್ಚಿ ತಂದು, ರಿಪೇರಿ ಮಾಡಿ, ಕಾಲು ಭಾಗದ ಬೆಲೆಗೆ ಕೊಡುತ್ತಾರೆ. ಮಾಲೀಕರ ಹೆಸರು ಕದಿರೇಶ್. ಐವತ್ತರ ಆಸುಪಾಸು. ನಾನು ಬೆಲೆ ಕೇಳಿದರೆ ಅವರು ನನ್ನ ಮೇಜಿನ ಎತ್ತರ ಕೇಳಿದರು.

"ಗೊತ್ತಿಲ್ಲ."

"ಮೇಜು ಗೊತ್ತಿಲ್ದೆ ಕುರ್ಚಿ ಹೆಂಗ್ ಕೊಡ್ಲಿ ಮೇಡಂ? ಕೂತ್ಕೊಳ್ಳಿ, ನೋಡಾಣ."

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲದಿಂದ ಮಂಡಿಯವರೆಗೆ ಟೇಪು ಹಿಡಿದರು. ತಾಗಿಸದೆ. "ಮಂಡಿ ಹಿಂದೆ, ಸೀಟಿನ ಅಂಚಲ್ಲಿ ನಿಮ್ ಎರಡು ಬೆರಳು ಹೋಗುತ್ತಾ ನೋಡಿ. ಹೋಗ್ಬೇಕು. ಈಗ ಒರಗಿ. ಪೂರ್ತಿ ಒರಗಿ. ಬೀಳಲ್ಲ."

ಒರಗಿದೆ.

ಗಂಡ ತೀರಿಕೊಂಡು ಒಂಬತ್ತು ವರ್ಷ. ಅಲ್ಲಿಂದೀಚೆಗೆ ಒರಗಿಕೋ ಎಂದವರು ಯಾರೂ ಇಲ್ಲ.

ಜೂನ್ 15, ಭಾನುವಾರ

ಕದಿರೇಶ್ ತಾವೇ ಟೆಂಪೋದಲ್ಲಿ ಕುರ್ಚಿ ತಂದರು. ಶ್ರೀನಿವಾಸಪುರಕ್ಕೆ ಭಾನುವಾರ ಮಾತ್ರ ಬರುತ್ತಾರಂತೆ. "ಒಂದ್ ವಾರ ಕೂತು ನೋಡಿ. ಒಗ್ಗಲಿಲ್ಲ ಅಂದ್ರೆ ಬದಲಾಯಿಸ್ಕೊಡ್ತೀನಿ."

ಸ್ವಲ್ಪ ಅಡ್ವಾನ್ಸ್ ಕೊಟ್ಟೆ. ಹೊರಡುವಾಗ ಅಕ್ಕ ಬಾದಾಮಿ ಮಾವು ಕಟ್ಟಿಕೊಟ್ಟಳು.

ಜೂನ್ 22

ಮೊದಲನೆಯದು ನಿಜಕ್ಕೂ ಒಗ್ಗಲಿಲ್ಲ. ಅದರ ಕೈಗಳು ಮೇಜಿಗೆ ತಾಗಿ ಹತ್ತಿರ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಇವತ್ತು ಎರಡನೆಯದು ಬಂತು. ಕಪ್ಪು ಬಲೆಯ ಬೆನ್ನು. ಎತ್ತರ ಅವರೇ ಹೊಂದಿಸಿದರು.

ಜೂನ್ 26

ನೋವಿಲ್ಲ. ಬೆಳಿಗ್ಗೆಯಿಂದ ನಾಲ್ಕು ಗಂಟೆ ಕೂತಿದ್ದೆ, ಸೊಂಟ ಇದೆ ಅನ್ನೋದೇ ಮರೆತುಹೋಗಿತ್ತು. ಫೋನ್ ಮಾಡಿ ಹೇಳಬೇಕು, ಸರಿಯಾಗಿದೆ ಅಂತ.

ಹೇಳಿದರೆ ಮುಗಿಯಿತು. ಭಾನುವಾರ ಅವರು ಬರುವುದಿಲ್ಲ.

ಜೂನ್ 28

ಫೋನ್ ಮಾಡಿದೆ. "ಸೀಟು ಸ್ವಲ್ಪ ಒತ್ತುತ್ತೆ" ಅಂದೆ. ಎಷ್ಟು ಸಲೀಸಾಗಿ ಬಂತು ಬಾಯಲ್ಲಿ.

ಜೂನ್ 29

ಎರಡನೆಯದನ್ನು ತಲೆಕೆಳಗು ಮಾಡಿ ನೋಡಿದರು. ತಾವೇ ಕೂತು ನೋಡಿದರು. "ಎಲ್ಲಿ ಒತ್ತುತ್ತೆ, ತೋರ್ಸಿ" — ಎಲ್ಲೋ ಒಂದು ಕಡೆ ತೋರಿಸಿದೆ. ಅದನ್ನು ತೆಗೆದುಕೊಂಡು ಮೂರನೆಯದು ಇಟ್ಟರು. ಕಾಫಿಗೆ ಕೂತರು. ಅಕ್ಕನಿಗೆ ಸಂಕೋಚವೇ ಇಲ್ಲ, "ಮನೇಲಿ ಯಾರ್ಯಾರಿದೀರಪ್ಪಾ?" ಎಂದು ಕೇಳಿಯೇಬಿಟ್ಟಳು.

"ನಾನೊಬ್ನೇ ಅಮ್ಮ. ಮನೆಯವಳು ಕೊರೋನಾದಲ್ಲಿ ಹೋದ್ಳು."

ಒಂದು ಗಂಟೆ ಇದ್ದರು. ಹೋಗುವಾಗ ಮೇಡಂ ಬಿಟ್ಟು "ಬರ್ತೀನಿ ಸುನಂದಾ ಅವ್ರೆ" ಎಂದರು. ಟೆಂಪೋ ತಿರುವು ದಾಟಿದ ಮೇಲೆ ಅಕ್ಕ ನನ್ನ ಕಡೆ ನೋಡದೆಯೇ ಕೇಳಿದಳು, "ಒತ್ತೋದು ಸೀಟಾ, ಮನಸ್ಸಾ?"

ಜುಲೈ 6

ಮೂರನೆಯದೂ ಬೇಡ ಅಂದೆ. ನಾಲ್ಕನೆಯದು ಬಂತು. ಅದರ ಬೆನ್ನಿಗೆ ನನ್ನ ಅಳತೆಗೆಂದೇ ದಿಂಬು ಹೊಲಿದು ತಂದಿದ್ದಾರೆ. ತಾವೇ ಹೊಲಿದದ್ದು.

ಜುಲೈ 13

ನಾಲ್ಕನೆಯದೂ ಆಗಲ್ಲ ಅಂದುಬಿಟ್ಟೆ. ಇನ್ನೊಂದು ಭಾನುವಾರ ಸಿಗಲಿ ಎಂಬ ಆಸೆ, ಅಷ್ಟೇ.

ಅವರು ಟೇಪು ಸುತ್ತಿ ಜೇಬಿಗಿಟ್ಟರು. "ಹನ್ನೊಂದು ವರ್ಷದಿಂದ ಇದೇ ಕೆಲ್ಸ ಮೇಡಂ. ಒಬ್ರಿಗೆ ಕುರ್ಚಿ ಹೊಂದ್ಸೋಕೆ ಆಗ್ಲಿಲ್ಲ ಅಂತ ಇದೇ ಮೊದ್ಲು. ನನ್ ಕೈಲಿ ಆಗಲ್ಲ. ಬೆಂಗಳೂರಲ್ಲಿ ನೋಡಿ."

ಮತ್ತೆ ಮೇಡಂ. ಅಡ್ವಾನ್ಸ್ ವಾಪಸ್ಸು ಮೇಜಿನ ಮೇಲಿಟ್ಟು, ಕುರ್ಚಿ ಎತ್ತಿಕೊಂಡು ಹೊರಟರು. ಕಾಫಿ ಮುಟ್ಟಲಿಲ್ಲ.

ಆಗಸ್ಟ್ 2

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಪ್ಲಾಸ್ಟಿಕ್ ಕುರ್ಚಿ, ಎರಡು ದಿಂಬು. ನೋವು ವಾಪಸ್ಸು ಬಂದಿದೆ — ಅದು ಬರಲಿ. ಭಾನುವಾರ ಯಾವ ಟೆಂಪೋ ಸದ್ದಾದರೂ ಬೆರಳು ತಾನಾಗಿ ನಿಲ್ಲುತ್ತದೆ. ಕಳೆದ ವಾರ ಒಂದು ಕ್ರಯಪತ್ರದಲ್ಲಿ ಮಾರುವವನ ಜಾಗಕ್ಕೆ ಕೊಳ್ಳುವವನ ಹೆಸರು ಹಾಕಿಬಿಟ್ಟಿದ್ದೆ.

ಒಂಟಿತನ ಅಭ್ಯಾಸವಾಗಿತ್ತು. ಈಗ ಮತ್ತೆ ಮೊದಲಿನಿಂದ ಅಭ್ಯಾಸ ಮಾಡಿಕೊಳ್ಳಬೇಕು. ಅದಕ್ಕಿಂತ ಕಷ್ಟ ಇನ್ನೊಂದು. ಅವರು ಸೋತೆ ಅಂದುಕೊಂಡಿದ್ದಾರೆ. ಸೋತಿಲ್ಲ.

ಆಗಸ್ಟ್ 7

ಬೆಳಿಗ್ಗೆಯ ಬಸ್ಸಿಗೇ ಕೋಲಾರಕ್ಕೆ ಹೋದೆ. ಚಕ್ರ ಬಿಚ್ಚುತ್ತಿದ್ದರು. ನಮಸ್ಕಾರವನ್ನೂ ಹೇಳಲಿಲ್ಲ ನಾನು.

"ಎರಡನೇ ಕುರ್ಚಿ ಸರಿಯಿತ್ತು."

"ಯಾವ್ದು, ಕಪ್ಪು ಬಲೇದಾ?"

"ಹೂಂ. ಚೂರೂ ನೋವಿರ್ಲಿಲ್ಲ. ಒತ್ತುತ್ತೆ ಅಂದಿದ್ದು ಸುಳ್ಳು. ಆಮೇಲಿನವಕ್ಕೆ ಹೇಳಿದ್ದೂ ಅಷ್ಟೇ."

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. "ಆ ವಾರ ಪೂರ್ತಿ ಅದನ್ನ ಬಿಚ್ಚಿ ಬಿಚ್ಚಿ ನೋಡಿದೀನಿ. ಎಲ್ಲಿ ತಪ್ಪಾಯ್ತು ಅಂತ." ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು. "ಯಾಕೆ ಹಂಗ್ ಹೇಳಿದ್ರಿ?"

"ಯಾಕಂದ್ರೆ..." ಅಂದೆ. ಮುಂದಕ್ಕೆ ಬರಲಿಲ್ಲ. ತಪ್ಪಾಯ್ತು ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ. ನಲವತ್ತಾರು ವರ್ಷದ ಹೆಂಗಸು, ಹುಡುಗಿಯ ಹಾಗೆ ಓಡಿಬಂದೆ.

ಆಗಸ್ಟ್ 10, ಭಾನುವಾರ, ಬೆಳಿಗ್ಗೆ 10:40

ಬಂದಿದ್ದಾರೆ. ಬೈಕಲ್ಲಿ. ಇಸ್ತ್ರಿ ಮಾಡಿದ ಬಿಳಿ ಷರ್ಟು. ಬಾಗಿಲಲ್ಲಿ ಅಕ್ಕ ಕೇಳಿದ್ದು ಒಳಗೆ ಕೇಳಿಸಿತು, "ಕುರ್ಚಿ ಎಲ್ಲಪ್ಪಾ?"

"ಕುರ್ಚಿ ತಂದಿಲ್ಲ ಅಮ್ಮ. ಅವ್ರು ಒಂದ್ ಮಾತು ಅರ್ಧಕ್ಕೆ ಬಿಟ್ ಬಂದ್ರು. ಕೇಳ್ಕೊಂಡ್ ಹೋಗಾಣ ಅಂತ."

ಅಕ್ಕ ಆಗಲೇ ಎರಡು ಸಲ ಕೂಗಿದಳು. ಹೇಳಬೇಕಾದ್ದನ್ನು ಬರೆದುಕೊಂಡು ಹೋಗೋಣ ಎಂದು ಕೂತಿದ್ದೇನೆ. ಊರವರ ಮಾತೆಲ್ಲ ಟೈಪ್ ಮಾಡಿದ ಕೈ, ನನ್ನದೊಂದು ಸಾಲನ್ನು ಬರೆದು ಬರೆದು ಹೊಡೆದುಹಾಕುತ್ತಿದೆ. ಮೂರನೇ ಸಲ ಕೂಗಿದಳು. ಸರಿ, ಬರೆಯುತ್ತೇನೆ. ಯಾಕಂದ್ರೆ ನೀವು —