ತಿರುವಿ ತೊಟ್ಟ ಅಂಗಿ

ಭಾನುವಾರ, ಮಧ್ಯಾಹ್ನ

ಮಾತೃಸಮಾನಳಾದ ಅಕ್ಕನ ಪಾದಗಳಿಗೆ,

ಮನೆಯ ಏಕಮಾತ್ರ ಕೋತಿಯು ಅಡ್ಡಬಿದ್ದು ಮಾಡುವ ಬಿನ್ನಹ ಏನೆಂದರೆ: ಈ ಸಾಲಿನಲ್ಲಿ ಮೊದಲು 'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಮೇಲೆ ಮಸಿ ಕಾಣುತ್ತಿದೆಯಲ್ಲ, ಅದೇ. ಸುಳ್ಳು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ, ನಿನಗೆ ಗೊತ್ತು. ಆದರೆ ಮೊದಲ ಸಾಲಿನಲ್ಲೇ ಬೇಡ ಅನ್ನಿಸಿತು.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. "ಫೋನಲ್ಲಿ ಕೇಳಿದ್ರೆ ಮಂತ್ರಿ ದನಿ ತೆಗೀತೀಯ, ಡಾಕ್ಟರ್ ದನಿ ತೆಗೀತೀಯ, ಕಾಗದ ಬರಿ. ಕಾಗದದಲ್ಲಿ ನಿನ್ನ ನಾಟಕ ನಡಿಯಲ್ಲ" ಎಂದು ನೀನು ಗದರಿದ ಮೇಲೆ ಪೆನ್ನು ಹುಡುಕುವುದಕ್ಕೇ ಕೆಲವು ದಿನ ಹಿಡಿಯಿತು. ಪೆನ್ನು ಸಿಕ್ಕ ಮೇಲೆ ಧೈರ್ಯ ಹುಡುಕಿದೆ. ಅದು ಇನ್ನೂ ಪೂರ್ತಿ ಸಿಕ್ಕಿಲ್ಲ. ಸಿಕ್ಕಷ್ಟರಲ್ಲಿ ಶುರು ಮಾಡುತ್ತಿದ್ದೇನೆ.

ಪುಟ್ಟಿಯ ಫ್ರಾಕಿಗೆಂದು ನೀನು ಕಳಿಸಿದ ಬಟ್ಟೆಯನ್ನು ಅಮ್ಮ ಹೊಲಿಯದೆ ಹಾಗೇ ವಾಪಸು ಕಳಿಸಿದಳು, ಯಾಕೆ ಎಂದು ನೀನು ಕೇಳಿದ್ದೆ. "ಕೆಲಸ ಜಾಸ್ತಿ ಇದೆ" ಎಂದು ಅವಳು ನಿನಗೆ ಹೇಳಿದಳಂತೆ. ಅಕ್ಕ, ಕೆಲಸ ಇಲ್ಲವೇ ಇಲ್ಲ. ಮಷೀನು ಮುಚ್ಚಿದೆ. ಅದರ ಮೇಲೆಯೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಪೆಡಲು ತುಳಿದರೆ ಕೆಳಗಿನ ಚಕ್ರ ಮಾತ್ರ ತಿರುಗುತ್ತದೆ, ಮೇಲಿನದಕ್ಕೆ ಏನೂ ಗೊತ್ತಾಗುವುದಿಲ್ಲ. ಬೆಲ್ಟನ್ನು ಬಿಚ್ಚಿ, ಸುರುಳಿ ಸುತ್ತಿ, ಗುಂಡಿ ಡಬ್ಬದಲ್ಲಿ ಹಾಕಿ ಇಟ್ಟಿದ್ದಾಳೆ. ನಾವಿಬ್ಬರೂ ಹುಟ್ಟುವುದಕ್ಕೆ ಮೊದಲಿನಿಂದ ಓಡುತ್ತಿದ್ದ ಮಷೀನನ್ನು ನಿಲ್ಲಿಸಿದ ಕೀರ್ತಿ ನಿನ್ನ ತಮ್ಮನಿಗೆ ಸಲ್ಲುತ್ತದೆ.

ಹೇಗೆ ಅನ್ನುವುದಕ್ಕೆ ಸ್ವಲ್ಪ ಪೀಠಿಕೆ ಬೇಕು. ಸೇತುವೆ ಕೆಳಗೆ ಸಂಜೆ ಹೊತ್ತು ನಮ್ಮ ಗುಂಪು ಸೇರುತ್ತದಲ್ಲ, ನೀನು 'ಕೆಲಸಕ್ಕೆ ಬಾರದವರ ಮಹಾಸಭೆ' ಅನ್ನುತ್ತಿದ್ದೆಯಲ್ಲ, ಅದು ಈಗ ದೊಡ್ಡದಾಗಿದೆ. ಮಿಕ್ಸಿ ಬಾಯಲ್ಲೇ ತಾಳ ಹಾಕುತ್ತಾನೆ. ಅವನು ಶುರು ಮಾಡಿದರೆ ನಿಜಕ್ಕೂ ಯಾರೋ ಒಣಮೆಣಸಿನಕಾಯಿ ರುಬ್ಬುತ್ತಿರುವ ಹಾಗಿರುತ್ತದೆ, ಅದಕ್ಕೇ ಆ ಹೆಸರು. ಸ್ಪ್ರಿಂಗು ಕುಣಿಯುತ್ತಾಳೆ, ಆ ಹುಡುಗಿ ಅಂಗೈ ಊರಿ ತಲೆಕೆಳಗಾಗಿ ನಿಂತರೆ ಸೇತುವೆ ಮೇಲೆ ಹೋಗುವ ಬಸ್ಸುಗಳೇ ತಲೆಕೆಳಗಾಗಿವೆ ಅನ್ನಿಸಬೇಕು. ನಾನು ಪ್ರಾಸ ಕಟ್ಟಿ ಹೇಳುತ್ತೇನೆ. ನಗದೆ ಹೇಳುತ್ತೇನೆಂದು ನನಗೆ 'ಗಂಭೀರ' ಎಂಬ ಬಿರುದು ಇದೆ. ಮೈಕು ಇದೆ, ನಿಲ್ಲುವುದಕ್ಕೊಂದು ಹಣ್ಣಿನ ಕ್ರೇಟು ಇದೆ. ಸಾಮ್ರಾಜ್ಯ ಅಂದರೆ ಇನ್ನೇನು ಬೇಕು.

ಈ ಪಟಾಲಮ್ಮಿನ ದರ್ಜಿ ಯಾರು ಹೇಳು? ಅಮ್ಮ. ಅಂಗಡಿಯಲ್ಲಿ ಅಗ್ಗಕ್ಕೆ ತಂದ ಪ್ಯಾಂಟನ್ನು ಅಗಲ ಮಾಡಿಸುವುದು, ಹಳೆ ಜಾಕೀಟಿಗೆ ಬೇರೆ ತೋಳು ಕೂಡಿಸುವುದು, ಅಪ್ಪನ ಅಂಗಿಯನ್ನು ಮಗನ ಮೈಗೆ ಇಳಿಸುವುದು, ಎಲ್ಲ ಅವಳ ಹತ್ತಿರವೇ. "ಈ ಪ್ಯಾಂಟಲ್ಲಿ ನೀನು ನಡಿತೀಯೋ, ಇಲ್ಲ ಪ್ಯಾಂಟೇ ನಿನ್ನ ನಡಿಸತ್ತೋ?" ಎಂದು ಬೈದುಕೊಂಡೇ ಹೊಲಿದುಕೊಡುತ್ತಿದ್ದಳು. ಬೈಗುಳಕ್ಕೆ ಬೇರೆ ಚಾರ್ಜು ಇರಲಿಲ್ಲ.

ಮೊದಲ ಸಲ ಜನರನ್ನು ಕರೆದು ದೊಡ್ಡ ಕಾರ್ಯಕ್ರಮ ಮಾಡಿದೆವಲ್ಲ, ಅದಕ್ಕೆ ನನಗೆ ಅವಳೇ ಒಂದು ಅಂಗಿ ಹೊಲಿದಳು. ಭುಜ ಮೊಣಕೈವರೆಗೆ ಜಾರಬೇಕು, ಮುಂದೆ ದೊಡ್ಡ ಜೇಬು ಇರಬೇಕು ಎಂದು ನಾನು ಚಿತ್ರ ಬರೆದು ಕೊಟ್ಟಿದ್ದೆ. ಅವಳು ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇದರೊಳಗೆ ನಿನ್ನ ಜೊತೆ ಇನ್ನೊಬ್ಬನನ್ನ ಬಾಡಿಗೆಗೆ ಇಡಬಹುದು ಕಣೋ" ಅಂದಳು. ಆದರೂ ಹೊಲಿದಳು. ನನ್ನಿಂದ ಸೂಜಿಗೆ ದಾರ ಹಾಕಿಸಿಕೊಂಡು ಹೊಲಿದಳು. ಇತ್ತೀಚೆಗೆ ದಾರ ಹಾಕುವುದು ನನ್ನ ಕೆಲಸವೇ ಆಗಿತ್ತು. "ಸೂಜಿಗೂ ಕಣ್ಣಿದೆ, ನಿನಗಿಲ್ವಲ್ಲಮ್ಮ" ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು.

ಕಾರ್ಯಕ್ರಮದ ಸಂಜೆ ಹೊರಡುವ ಹೊತ್ತಿಗೆ ಕರೆಂಟು ಹೋಯಿತು. ಕತ್ತಲಲ್ಲಿ, ಅವಸರದಲ್ಲಿ, ಹೊಸ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡು ಓಡಿದೆ. ಕ್ರೇಟು ಹತ್ತಿ ನಿಂತ ಮೇಲೆ ಮಿಕ್ಸಿ ಮೈಕಿನಲ್ಲೇ ಕೂಗಿದ: "ಲೇ ಗಂಭೀರ, ಅಂಗಿ ಉಲ್ಟಾ ಹಾಕ್ಕೊಂಡಿದ್ದೀಯಲ್ಲೋ!"

ಸೇರಿದ್ದ ಜನವೆಲ್ಲ ಗೊಳ್ಳೆಂದಿತು. ಬೇರೆ ಯಾರಾದರೂ ಆಗಿದ್ದರೆ ಇಳಿದು ಓಡುತ್ತಿದ್ದರು. ನಾನು ಕಣ್ಣು ಮುಚ್ಚಿ, ಕೈ ಎತ್ತಿ, ಉಪದೇಶ ಕೊಡುವವನ ಹಾಗೆ ಹೇಳಿದೆ: "ಮೂಢರೇ! ಹೊರಮೈ ಎಲ್ಲರೂ ತೋರಿಸುತ್ತಾರೆ. ಒಳಮೈ ತೋರಿಸುವ ಗಂಡೆದೆ ಯಾರಿಗಿದೆ? ಇಂದಿನಿಂದ ಒಳಮೈ ಪಂಥವನ್ನು ಸ್ಥಾಪಿಸಿದ್ದೇನೆ!" ನಿಂತ ಕಾಲಲ್ಲೇ ಪ್ರಾಸವೂ ಬಂತು:

ಮೈ ಮೇಲೆ ಮಿಂಚು, ಒಳಗೆಲ್ಲ ಸಂಚು,
ತಿರುಗಿಸಿ ತೋರಿಸೋ ನಿನ್ನ ಹರಿದ ಅಂಚು!

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮಿಕ್ಸಿ ಅಲ್ಲೇ ಅಂಗಿ ಬಿಚ್ಚಿ ತಿರುವಿ ಹಾಕಿಕೊಂಡ. ಸ್ಪ್ರಿಂಗು ಜಾಕೀಟನ್ನು ತಿರುವಿ ಹಾಕಿಕೊಂಡು ಕುಣಿದ ವಿಡಿಯೋ ಊರೆಲ್ಲ ಸುತ್ತಿತು. ಮುಂದಿನ ವಾರಕ್ಕೆ ಸೇತುವೆ ಕೆಳಗೆ ಒಬ್ಬನ ಮೈಮೇಲೂ ನೆಟ್ಟಗಿದ್ದ ಬಟ್ಟೆ ಇರಲಿಲ್ಲ. ಕಾಲೇಜಿಗೆ ಹೋಗುವವರು ಶುರು ಮಾಡಿದರು. ಮೂಲೆಯ ಬಟ್ಟೆ ಅಂಗಡಿಯವನು ಗಾಜಿನೊಳಗಿನ ಬೊಂಬೆಗೂ ಅಂಗಿ ತಿರುವಿ ಹಾಕಿದ. ನಾನು ಆ ಬೊಂಬೆಯ ಮುಂದೆ ನಿಂತು ಪಂಥದ ಜಗದ್ಗುರುವಿನಂತೆ ಹರಸಿ ಬಂದೆ.

ಇಲ್ಲಿಯವರೆಗೆ ನೀನು ನಗುತ್ತಾ ಓದಿರುತ್ತೀಯ. ನಾನೂ ಹೀಗೇ ನಗುತ್ತಿದ್ದೆ. ಆದರೆ ಅಮ್ಮ ನಮಗೆ ಏನು ಹೇಳಿಕೊಡುತ್ತಿದ್ದಳು ನೆನಪಿದೆಯಾ? "ಬಟ್ಟೆ ಹೊರಗಡೆ ಹಾಕ್ಕೊಳ್ಳೋರ ಮಾನ, ಒಳಗಡೆ ಹೊಲಿಯೋರ ಮಾನ." ಬೇರೆ ದರ್ಜಿ ಹೊಲಿದ ಅಂಗಿ ರಿಪೇರಿಗೆ ಬಂದರೆ ಮೊದಲು ಒಳಗನ್ನು ತಿರುಗಿಸಿ ನೋಡಿ, 'ಹ್ಞೂಂ' ಎಂದೋ 'ಥೂ' ಎಂದೋ ತೀರ್ಪು ಕೊಡುತ್ತಿದ್ದಳಲ್ಲ. ಈಗ ಅವಳು ಹೊಲಿದದ್ದರ ಒಳಮೈಯೆಲ್ಲ ಬೀದಿಗೆ ಬಂದಿತ್ತು. ಅದು ಮೊದಲಿನ ಒಳಮೈ ಆಗಿರಲಿಲ್ಲ ಅಕ್ಕ. ಹೊಲಿಗೆ ಹಾವಿನಂತೆ ಹರಿದಿತ್ತು. ನಡುವೆ ಬಿಟ್ಟುಹೋದ ಕಡೆ ಇನ್ನೊಮ್ಮೆ, ಮತ್ತೊಮ್ಮೆ ಹೊಲಿದು ದಾರದ ಗಂಟು ಕಟ್ಟಿತ್ತು. ಕಪ್ಪು ಬಟ್ಟೆಗೆ ನೀಲಿ ದಾರ, ನೀಲಿಗೆ ಕಂದು.

ಸ್ಪ್ರಿಂಗು ಅದನ್ನು ಕಂಡು, "ಆಂಟಿ ಬೇಕಂತಲೇ ಬೇರೆ ಬೇರೆ ಬಣ್ಣ ಹಾಕಿದಾರೆ, ಎಂಥ ಕಲೆ ನೋಡ್ರೋ!" ಎಂದು ಹತ್ತಿರದಿಂದ ಫೋಟೋ ತೆಗೆದು ಹಾಕಿದಳು. ಪಾಪ, ನಿಜವಾಗಿ ಮೆಚ್ಚಿಯೇ ಹಾಕಿದಳು. ಕೆಳಗೆ ಯಾರೋ ಬರೆದರು: 'ಯಾವ ಕುರುಡ ಟೈಲರ್ ಹೊಲಿದದ್ದು?' ಅದಕ್ಕೆ ನಗುವ ಮುಖಗಳ ಸಾಲು. ನಾನು ಓದಿದೆ. ಫೋನು ಮಗುಚಿ ಇಟ್ಟೆ.

ಅದಾದ ಸಂಜೆಯೇ ಅಮ್ಮ ದಾರ ತರಲು ಹೋದವಳು ಸೇತುವೆ ಕೆಳಗಿಂದ ಬಂದಳು. ನಾನು ಕ್ರೇಟಿನ ಮೇಲೆ ಇದ್ದೆ. ಅವಳು ಗುಂಪಿನ ಅಂಚಿನಲ್ಲಿ ನಿಂತು ಸುತ್ತ ನೋಡಿದಳು. ಆಮೇಲೆ ಮಿಕ್ಸಿಯ ಹತ್ತಿರ ಬಂದು ಅವನ ಅಂಗಿಯ ಚುಂಗು ಎತ್ತಿ, ಕಣ್ಣಿನ ಹತ್ತಿರ ಹಿಡಿದಳು. ಕಾಣಲಿಲ್ಲವೇನೋ. ಹೆಬ್ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಸವರಿದಳು. ಗಂಟು ಬಂದ ಕಡೆಯೆಲ್ಲ ಬೆರಳು ನಿಂತು ನಿಂತು ಹೋಯಿತು.

ಮಿಕ್ಸಿಗೆ ಹೆಮ್ಮೆ. "ಆಂಟಿ, ಇದು ನೀವು ಹೊಲಿದಿದ್ದೇ! ಎಲ್ಲರಿಗೂ ತೋರಿಸ್ತಿದೀವಿ!"

"ಎಲ್ಲರಿಗೂನಾ?" ಅಂದಳು ಅಮ್ಮ.

"ಹ್ಞೂಂ ಮತ್ತೆ! ಈಗ ನಿಮ್ಮ ಹೊಲಿಗೆ ಫೇಮಸ್ಸು!"

"ಬಿಚ್ಚಿ ಕೊಡಪ್ಪ, ಮನೆಗೆ ಒಯ್ದು ಸರಿ ಮಾಡಿ ಕೊಡ್ತೀನಿ. ದುಡ್ಡೇನೂ ಬೇಡ."

"ಅಯ್ಯೋ ಬೇಡ ಆಂಟಿ, ಹೀಗೇ ಚೆನ್ನಾಗಿದೆ."

ಅವಳು ಚುಂಗನ್ನು ಬಿಟ್ಟು, ಬಟ್ಟೆಯನ್ನು ಕೈಯಿಂದ ಒಮ್ಮೆ ನೇವರಿಸಿ ಸರಿಪಡಿಸಿದಳು, ಟ್ರಯಲ್ ನೋಡುವಾಗ ಮಾಡುತ್ತಾಳಲ್ಲ, ಹಾಗೆ. ಆಮೇಲೆ ನನ್ನ ಕಡೆ ನೋಡಿದಳು. ನನ್ನ ಬಾಯಲ್ಲಿ ಆ ಹೊತ್ತಿಗೆ ಸರಿಯಾಗಿ 'ಹರಿದ ಅಂಚು' ಇತ್ತು. ನಿಲ್ಲಿಸಬಹುದಿತ್ತು. ಜನ ಚಪ್ಪಾಳೆ ಹೊಡೆಯುತ್ತಿದ್ದರು ಅಕ್ಕ, ನಾನು ನಿಲ್ಲಿಸಲಿಲ್ಲ. ಇನ್ನೊಂದು ಸಲ ಹೇಳಿದೆ.

ಮನೆಗೆ ಬಂದಾಗ ಬೆಲ್ಟು ಬಿಚ್ಚಿ ಆಗಿತ್ತು. ಬಾಗಿಲಿನ 'ಹೊಲಿಗೆ' ಬೋರ್ಡು ಒಳಗೆ ಬಂದು ಕಪಾಟಿನ ಹಿಂದೆ ನಿಂತಿತ್ತು. ಬಟ್ಟೆ ಹಿಡಿದು ಬಂದವರಿಗೆ "ಮಷೀನು ಕೆಟ್ಟಿದೆ" ಅನ್ನುತ್ತಾಳೆ. ನಾನು ವೈದ್ಯರ ಠೀವಿಯಲ್ಲಿ ಮಷೀನಿನ ನಾಡಿ ಹಿಡಿದು, "ರೋಗಿಗೆ ಏನೂ ಆಗಿಲ್ಲ, ವಿಶ್ರಾಂತಿ ಸಾಕು" ಅಂದೆ. ಬೇರೆ ಯಾವಾಗಲಾದರೂ ಆಗಿದ್ದರೆ ಟೇಪಿನಿಂದ ಬಾರಿಸುತ್ತಿದ್ದಳು. ಈ ಸಲ ನನ್ನನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು. ಹಾಸ್ಯಕ್ಕೆ ಪೆಟ್ಟು ಬೀಳದಿದ್ದರೆ ಎಷ್ಟು ನೋಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಸೇತುವೆ ಕೆಳಗೆ ಹೋಗಿ ಪಂಥವನ್ನು ವಿಸರ್ಜಿಸಿದ್ದೇನೆ ಎಂದು ಘೋಷಿಸಿದೆ. ಒಬ್ಬರೂ ಒಪ್ಪಲಿಲ್ಲ. "ಬಟ್ಟೆ ಅಂಗಡಿಯವರು ನಿನ್ನ ಕೊಂಡ್ಕೊಂಡ್ರಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ಪಂಥ ಕಟ್ಟುವುದು ಸುಲಭ, ಬಾಗಿಲು ಹಾಕುವುದು ಕಷ್ಟ. ಮಿಕ್ಸಿಯನ್ನು ಮಾತ್ರ ಪಕ್ಕಕ್ಕೆ ಕರೆದು ಅಮ್ಮನ ಕಣ್ಣಿನ ವಿಷಯ ಹೇಳಿದೆ. ಅವನು ಸಂಜೆಗೆ ಅಂಗಿಯನ್ನು ಇಸ್ತ್ರಿ ಮಾಡಿಸಿ, ನೆಟ್ಟಗೆ ಹಾಕಿಕೊಂಡು, ಕುತ್ತಿಗೆವರೆಗೂ ಗುಂಡಿ ಹಾಕಿ ಮನೆಗೆ ಬಂದ. ಅಮ್ಮ ಚಹಾ ಕೊಟ್ಟಳು. ಅವನು ಕುಡಿದ. ಅಷ್ಟು ಹೊತ್ತೂ ಅವನ ಬಾಯಿಂದ ಒಂದು ಸದ್ದೂ ಬರಲಿಲ್ಲ. ಹುಟ್ಟಿದ ಮೇಲೆ ಅವನು ಅಷ್ಟು ಸುಮ್ಮನಿದ್ದದ್ದು ಅದೇ ಮೊದಲಿರಬೇಕು.

ಅಕ್ಕ, ನಾನು ಕೇಳುವುದು ಇಷ್ಟೇ. ನೀನು ಬಾ. ಎರಡು ದಿನದ ಮಟ್ಟಿಗಾದರೂ ಬಾ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಬಾರಮ್ಮ ಎಂದು ನಾನು ಕರೆದರೆ, "ನನ್ನ ಕಣ್ಣಿಗೇನಾಗಿದೆ? ನೋಡಬೇಕಾಗಿದ್ದೆಲ್ಲ ನೋಡಾಯ್ತು" ಅನ್ನುತ್ತಾಳೆ. ಪೊರೆಯೇ ಇರಬಹುದು, ತೆಗೆಸಿದರೆ ಸರಿಹೋಗಬಹುದು, ನನಗೇನು ಗೊತ್ತು. ನೀನು ಕರೆದರೆ ಬರುತ್ತಾಳೆ. ನನ್ನ ಜೊತೆ ಬರುವುದಿಲ್ಲ. ಪುಟ್ಟಿಯ ಬಟ್ಟೆಯನ್ನೂ ಮರಳಿ ತಾ. ಅದನ್ನು ಮಡಚಿ ಚೀಲಕ್ಕೆ ಹಾಕುವಾಗ ಅವಳು ತುಂಬ ಹೊತ್ತು ಅಂಚು ಹಿಡಿದು ಕೂತಿದ್ದಳು.

ಭಾವನವರಿಗೆ ನನ್ನ ನಮಸ್ಕಾರ. ಚಿಕ್ಕವನು ಹರಸಬಾರದಂತೆ, ಆದರೂ ಪುಟ್ಟಿಗೆ ಮಾವನಾಗಿ ನನಗೆ ಸ್ವಲ್ಪ ಅಧಿಕಾರವಿದೆ: ಅವಳು ಬೇಗ ಬೆಳೆಯಲಿ, ಆದರೆ ಫ್ರಾಕು ಹೊಲಿದಾಗುವವರೆಗೆ ಕಾಯಲಿ. ನಗುವುದರಲ್ಲಿ ನನ್ನ ಹಾಗಾಗಲಿ, ಉಳಿದದ್ದರಲ್ಲಿ ನಿನ್ನ ಹಾಗಾಗಲಿ.

ಇಂತಿ ನಿನ್ನ ತಲೆಹರಟೆ ತಮ್ಮ,
ಮಾಜಿ ಗಂಭೀರ

ತಾ.ಕ.: ಕಾಗದ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಆ ಸಂಜೆ ಕರೆಂಟು ಹೋಗಿರಲಿಲ್ಲ ಅಕ್ಕ. ಅಂಗಿಯನ್ನು ಸರಿಯಾಗಿಯೇ ಹಾಕಿಕೊಂಡು ಹೊರಟಿದ್ದೆ. ದಾರಿಯಲ್ಲಿ ಬಟ್ಟೆ ಅಂಗಡಿಯ ಗಾಜಿನಲ್ಲಿ ನೋಡಿಕೊಂಡೆ. ಮುಂದಿನ ಜೇಬು ಸೊಟ್ಟಗಿತ್ತು, ಒಂದು ಮೂಲೆ ಕೆಳಗೆ ಜಾರಿತ್ತು. ಹುಡುಗರು ನೋಡಿ ನಗುತ್ತಾರೆಂದು ಸೇತುವೆಯ ಕಂಬದ ಮರೆಗೆ ಹೋಗಿ ತಿರುವಿ ಹಾಕಿಕೊಂಡೆ. ಇಷ್ಟೂ ಪಂಥ ಹುಟ್ಟಿದ್ದು ಅಮ್ಮನ ಒಂದು ಜೇಬನ್ನು ಮುಚ್ಚುವುದಕ್ಕೆ.

ಅವಳಿಗೆ ಗೊತ್ತಂತೆ. ನಿನ್ನೆ ಹೇಳಿದಳು. "ಮೊದಲನೇ ದಿನಾನೇ ತಿಳೀತು ಕಣೋ. ಒಗೆಯೋಕೆ ತಗೊಂಡಾಗ ಕತ್ತಿನ ಕೊಳೆ ಹೊರಗಡೆ ಇತ್ತು, ಬೀದಿ ಧೂಳು ಒಳಗಡೆ ಇತ್ತು. ಯಾಕಪ್ಪಾ ಅಂತ ಬೆರಳಾಡಿಸಿ ನೋಡಿದೆ. ಜೇಬು ಸಿಕ್ಕಿತು." ಬೈಯಲಿಲ್ಲ. ಅದೇ ಅಂಗಿಯನ್ನು ನನ್ನ ಕೈಗೆ ಕೊಟ್ಟಳು. ಜೇಬನ್ನು ಬಿಚ್ಚಿ, ಮಷೀನಿಲ್ಲದೆ, ಕೈಯಲ್ಲೇ ಮತ್ತೆ ಹೊಲಿದಿದ್ದಳು. ಸೂಜಿಗೆ ದಾರ ಹಾಕಲು ನನ್ನನ್ನು ಕರೆದಿರಲಿಲ್ಲ. "ಈಗ ನೆಟ್ಟಗಿದೆಯಾ, ನೋಡಿ ಹೇಳು" ಅಂದಳು.

ನೆಟ್ಟಗಿದೆ ಅಂದೆ. ಇಲ್ಲ ಅಕ್ಕ. ಅದನ್ನೇ ನೆಟ್ಟಗೆ ಹಾಕಿಕೊಂಡು ಕೂತಿದ್ದೇನೆ. ಈ ಕಾಗದವನ್ನು ಅಂಚೆಡಬ್ಬಕ್ಕೆ ಹಾಕಲು ಸೇತುವೆ ಕೆಳಗಿಂದಲೇ ಹೋಗುತ್ತೇನೆ. ಜೇಬಿಗೆ ಪೆನ್ನು ಸಿಕ್ಕಿಸಿ ನೋಡಿದೆ, ಓರೆಯಾಗಿ ನಿಲ್ಲುತ್ತದೆ.