ಬಾಗಿಲು ತೆಗೆದರೆ ಕೂಗುವ ಹಕ್ಕಿ

ಅಮ್ಮಾ, ನಿನ್ನ ಮಗಳ ನಮಸ್ಕಾರ.

ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದ ಆ ಮಧ್ಯಾಹ್ನ ನೆನಪಾಗುತ್ತಿದೆ. ಒಂದು ಕಾಲಲ್ಲಿ ನಿನ್ನ ಚಪ್ಪಲಿ, ಇನ್ನೊಂದರಲ್ಲಿ ಅಣ್ಣನದು. ಎಲ್ಲಿಗೆ ಹೊರಟೆ ಎಂದರೆ ಬಾಯಿಬಿಡಲಿಲ್ಲ. ನಿನ್ನದು ಮರೆವಿನ ಕಾಯಿಲೆ ಎಂದು ಕೋಲಾರದ ಡಾಕ್ಟರು ಹೇಳಿದ ಮೇಲೆ ನೋಡಿಕೊಳ್ಳಲೆಂದೇ ನಾನು ಗಂಡನ ಊರು ಯಲ್ದೂರಿನಿಂದ ಬಂದಿದ್ದೆ. ಆದರೂ ಒಲೆಯ ಕಡೆ ತಿರುಗಿದರೆ ಸಾಕು, ನೀನು ಮಾಯ. ಹೆದ್ದಾರಿಯ ಲಾರಿಗಳು ನಿನ್ನ ವಯಸ್ಸು ನೋಡಿ ನಿಲ್ಲುತ್ತವೆಯೇ?

ಬೀಗ ಹಾಕಿದ ದಿನ ನೀನು ಬಾಗಿಲು ಬಡಿದು ಅತ್ತದ್ದನ್ನು ಅಣ್ಣನಿಗೆ ನೋಡಲಾಗಲಿಲ್ಲ. ರೇಡಿಯೋ ರಿಪೇರಿಯವನ ತಲೆ ಸುಮ್ಮನಿರುತ್ತದೆಯೇ? ಬಾಗಿಲು ತೆಗೆದೊಡನೆ ಫ್ರಿಜ್ಜಿನಲ್ಲಿ ಲೈಟು ಹತ್ತುತ್ತದಲ್ಲ, ಆ ಸ್ವಿಚ್ಚನ್ನು ಹಳೇ ಫ್ರಿಜ್ಜಿನಿಂದ ಬಿಚ್ಚಿ ನಮ್ಮ ಬಾಗಿಲಿಗೆ ಕೂರಿಸಿ, ಹಕ್ಕಿಯಂತೆ ಕೂಗುವ ಕಾಲಿಂಗ್ ಬೆಲ್ಲಿಗೆ ವೈರು ಎಳೆದ. “ಅಮ್ಮ ಬಾಗ್ಲು ತೆಗುದ್ರೆ ಕೂಗುತ್ತೆ ಕಣೇ, ಓಡೋಗಿ ಹಿಡ್ಕೊ” ಎಂದ.

ಮೊದಲ ಸಲ ಅದು ಕೂಗಿದಾಗ ಹಿಟ್ಟಿನ ಕೈಯಲ್ಲೇ ಓಡಿಬಂದೆ. ನೀನಾಗಲೇ ಹೊಸ್ತಿಲಿಂದ ಹಿಂದಿರುಗುತ್ತಿದ್ದೆ. “ಯಾರೋ ಬಂದವ್ರೆ, ನೀರು ತರ್ತೀನಿ” ಎನ್ನುತ್ತಿದ್ದೆ. ನೆಂಟರನ್ನು ಬಾಗಿಲಲ್ಲಿ ನಿಲ್ಲಿಸಿ ನೀನು ಎಂದಾದರೂ ಹೊರಗೆ ಹೋದವಳೇ? ಎಲ್ಲ ಮರೆತರೂ ಅದೊಂದನ್ನು... ಯಾರೂ ಇಲ್ಲದಿದ್ದರೆ ಕಂಗಾಲಾಗುತ್ತೀಯೆಂದು ನಾನೇ ಹಿತ್ತಲಿಂದ ಸುತ್ತಿಬಂದು ಬಾಗಿಲಲ್ಲಿ ನೆಂಟರಂತೆ ನಿಂತೆ. “ರಾಮ್ಮಾ, ಕೂರ್ಚೋ”, ಬಾಮ್ಮ ಕೂತುಕೋ ಎಂದು ನೀನು ನನ್ನನ್ನು ತೆಲುಗಿನಲ್ಲಿ ಒಳಗೆ ಕರೆದೆ. ಮನೆಗೆ ಬಂದ ಹೊರಗಿನವರೊಡನೆ ತೆಲುಗು, ಮಕ್ಕಳೊಡನೆ ಕನ್ನಡ ಆಡುತ್ತಿದ್ದವಳು ನೀನು. ಒಂದೇ ಒಂದು ಸಲ ‘ಬಾರೇ’ ಎನ್ನಲೆಂದು ಎಷ್ಟು ಕಾದೆನೋ. ಅಂತೂ ಹಕ್ಕಿ ಕೂಗಿದಾಗಲೆಲ್ಲ ನೀನು ಹಿಂದಿರುಗಿದೆ, ಬೀದಿಗೆ ಇಳಿಯಲಿಲ್ಲ. ಅಣ್ಣ ಬೀಗುತ್ತಿದ್ದ.

ನಿನ್ನ ಕೊನೆಯ ಯುಗಾದಿಯ ಮಾರನೆಯ ದಿನ, ನೀನು ನೀರು ಕೊಟ್ಟು, ಯಾವೂರು ಎಂದು ಕೇಳಿದೆ. ನಾನು ಯಲ್ದೂರು ಎಂದೆ. ನಿನ್ನ ಮುಖ ಅರಳಿತು. ನೀನು ತೆಲುಗಿನಲ್ಲಿ ಹೇಳಿದ್ದು ಇಷ್ಟು: ನನ್ನ ಮಗಳನ್ನೂ ಅಲ್ಲಿಗೇ ಕೊಟ್ಟಿದ್ದೇವೆ. ಅವಳನ್ನು ನೋಡಬೇಕೆಂದು ದಿನಾ ಬಸ್ಸಿಗೆ ಹೊರಡುತ್ತೇನೆ. ಹೊರಟಾಗಲೆಲ್ಲ ಯಾರಾದರೂ ಬಂದುಬಿಡುತ್ತಾರೆ. ಕಂಡರೆ, ನಿಮ್ಮಮ್ಮ ಕಾಯುತ್ತಿದ್ದಾಳೆ ಬಾ ಎಂದು ಹೇಳಮ್ಮ.

ಹೇಳುತ್ತೇನೆ ಎಂದೆ.

ನಿನಗೆ ತಿಳಿಯದೇ ಹೋದ ಸುದ್ದಿ ಇದೊಂದೇ ಅಮ್ಮ. ನಿನ್ನ ಮಗಳು ಬಂದಿದ್ದಳು. ನೀನು ಕಣ್ಣು ಮುಚ್ಚುವಾಗ ನಿನ್ನ ಕೈ ಹಿಡಿದು ಕೂತಿದ್ದವಳು ಅವಳೇ.