ಸ್ವಂತ ಬಳಕೆಗೆ ತರಿಸಿದ್ದು

ರೀ,

ಪರದೇಶದಿಂದ ತರಿಸಿದ ನಿಮ್ಮ ಕ್ಯಾರವಾನ್, ಆ ಗಾಲಿ ಮೇಲಿನ ಮನೆ, ಇವತ್ತು ಹಡಗಿನಿಂದ ಇಳಿಯಿತು. ನೀವಿದ್ದಿದ್ದರೆ ಕುಣಿದಾಡುತ್ತಿದ್ದಿರಿ.

ಸುಂಕದ ಅಧಿಕಾರಿ, "ಸ್ವಂತ ಬಳಕೆಗೆ ಅಂತ ತರಿಸಿದ್ದಾರೆ, ಅವರೇ ಬರ್ಬೇಕಮ್ಮಾ" ಎಂದರು. ತೀರಿಕೊಂಡರು ಎಂದೆ. "ಹಾಗಾದ್ರೆ ವಾಪಸ್ ಕಳಿಸೋದೇ" ಎಂದರು. ಸಾಲದ್ದಕ್ಕೆ, ಆ ದೇಶದಲ್ಲಿ ವಾಹನ ಓಡುವುದು ರಸ್ತೆಯ ಇನ್ನೊಂದು ಬದಿಯಲ್ಲಂತೆ. ಇದರ ಬಾಗಿಲು ಇಲ್ಲಿ ನಡುರಸ್ತೆಗೇ ತೆರೆಯುತ್ತದೆ. ಅಷ್ಟು ಅಳೆದು ತೂಗಿ ಆರಿಸಿದವರಿಗೆ ಇಷ್ಟೂ ಹೊಳೆಯಲಿಲ್ಲವೇ? ಬೈಯೋಣವೆಂದರೆ ನೀವೇ ಇಲ್ಲ.

ಒಳಗೆ ಒಮ್ಮೆ ನೋಡಲು ಬಿಟ್ಟರು. "ಈ ವಯಸ್ಸಲ್ಲಿ ಊರೂರು ಅಲೆಯೋಕೆ ನಾ ಬರಲ್ಲ" ಎಂದಿದ್ದೆನಲ್ಲ, ಆದರೂ ಮೆಟ್ಟಿಲ ಪಕ್ಕ ನನ್ನ ಮಂಡಿನೋವಿಗೆಂದು ಹಿಡಿಕೆ ಹಾಕಿಸಿದ್ದೀರಿ, ಸರಿಯಾಗಿ ನನ್ನ ಎತ್ತರಕ್ಕೆ. ಅದನ್ನು ಹಿಡಿದೇ ಹತ್ತಿದೆ.

"ಅಮ್ಮಾ, ಇಳೀರಿ, ಬೀಗ ಹಾಕ್ಬೇಕು" ಎಂದು ಅಧಿಕಾರಿ ಕರೆಯುತ್ತಲೇ ಇದ್ದರು. ಕೈ ಆ ಹಿಡಿಕೆ ಬಿಟ್ಟರೆ ತಾನೇ, ರೀ, ನಾನು ಇಳಿಯುವುದು?